ಕೀಲಿಂಗ್ ರೇಖೆ

ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿ ಪರ್ವತದ ಮೇಲೆ 1958ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತ ಬಂದ ದಾಖಲೆಯನ್ನು ನಕ್ಷೆಯಾಗಿ ಬರೆದರೆ ಸಿಗುವ ಗೆರೆಗೆ ಕೀಲಿಂಗ್ ರೇಖೆ ಎಂದು ಹೆಸರು. ಅಳತೆಯನ್ನು ಆರಂಭಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ (1928–2005). ಗರಗಸದ ಹಲ್ಲುಗಳ ಹಾಗೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತ, ಒಟ್ಟಿನಲ್ಲಿ ಮೇಲಕ್ಕೇ ಸಾಗಿರುವ ಈ ಗೆರೆ ಹವಾಮಾನ ಬದಲಾವಣೆಯ ವಿಜ್ಞಾನಕ್ಕೆ ಸಿಕ್ಕಿರುವ ಅತ್ಯಂತ ಗಟ್ಟಿಯಾದ ಸಾಕ್ಷ್ಯಗಳಲ್ಲಿ ಒಂದು.

ಇಂಗಾಲದ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆ ಎಂಬುದು ಕೀಲಿಂಗ್ ಹುಟ್ಟುವ ಮೊದಲೇ ತಿಳಿದಿತ್ತು. ಈ ಅನಿಲ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಬರಿಯ ಗಾಳಿಯ ಕೊಳವೆಗಿಂತ ಹೆಚ್ಚು ಕಾಯುವುದನ್ನು ಯೂನಿಸ್ ಫುಟ್ 1856ರಲ್ಲಿ ತೋರಿಸಿದ್ದರು. 1859ರಲ್ಲಿ ಜಾನ್ ಟಿಂಡಾಲ್ ಅದು ಅವಕೆಂಪು ಕಿರಣಗಳನ್ನು ಹೀರುವುದನ್ನು ಅಳೆದರು. ಅದರ ಪ್ರಮಾಣ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ ಲೆಕ್ಕ ಹಾಕಿದರು. 1938ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಗೈ ಕ್ಯಾಲೆಂಡರ್, ಕಲ್ಲಿದ್ದಲು ಉರಿಸಿದ್ದರಿಂದ ಗಾಳಿಯಲ್ಲಿ ಈ ಅನಿಲ ಈಗಾಗಲೇ ಹೆಚ್ಚಿದೆ, ಭೂಮಿ ಬೆಚ್ಚಗಾಗುತ್ತಿದೆ ಎಂದು ಬರೆದಾಗ ನಂಬಿದವರು ಕಡಿಮೆ. ಹೊಗೆಯನ್ನೆಲ್ಲ ಸಮುದ್ರ ನುಂಗಿಕೊಳ್ಳುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಅದಕ್ಕಿಂತ ದೊಡ್ಡ ತೊಡಕು ಅಳತೆಯದು. ಊರಿಗೊಂದು, ದಿನಕ್ಕೊಂದು ಅಂಕಿ ಬರುತ್ತಿದ್ದ ಆ ಕಾಲದಲ್ಲಿ ಏರಿಕೆ ಇದೆ ಎನ್ನಲೂ ಇಲ್ಲ ಎನ್ನಲೂ ಆಧಾರವಿರಲಿಲ್ಲ.

ಕೀಲಿಂಗ್ ಈ ವಿಷಯಕ್ಕೆ ಬಂದದ್ದು ಬೇರೆಯದೇ ದಾರಿಯಿಂದ. 1950ರ ದಶಕದ ನಡುವೆ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಅವರು ನದಿಯ ನೀರು, ಸುಣ್ಣಕಲ್ಲು ಮತ್ತು ಗಾಳಿಯ ನಡುವೆ ಇಂಗಾಲ ಹೇಗೆ ಸಮತೋಲದಲ್ಲಿರುತ್ತದೆಂದು ನೋಡಲು ಹೊರಟಿದ್ದರು. ಅದಕ್ಕಾಗಿ ಗಾಳಿಯಲ್ಲಿನ ಅನಿಲವನ್ನು ಬಹಳ ನಿಖರವಾಗಿ ಅಳೆಯುವ ಒತ್ತಡಮಾಪಕವೊಂದನ್ನು ಕಟ್ಟಿದರು. ನಿರ್ವಾತಗೊಳಿಸಿದ ಐದು ಲೀಟರಿನ ಗಾಜಿನ ಬುರುಡೆಗಳನ್ನು ಹೊತ್ತು ಬಿಗ್ ಸರ್ ಕಾಡಿನಲ್ಲಿ ಬಿಡಾರ ಹೂಡಿ, ರಾತ್ರಿಯೂ ಹಲವು ಬಾರಿ ಎದ್ದು ಗಾಳಿಯನ್ನು ತುಂಬಿಸಿಕೊಂಡರು. ರಾತ್ರಿ ಗಿಡಮರ, ಮಣ್ಣು ಉಸಿರಾಡುವಾಗ ಅನಿಲದ ಪ್ರಮಾಣ ಏರುತ್ತಿತ್ತು. ಮಧ್ಯಾಹ್ನ ಗಾಳಿ ಚೆನ್ನಾಗಿ ಕಲೆತ ಹೊತ್ತಿನಲ್ಲಿ ಮಾತ್ರ, ಎಲ್ಲಿ ಅಳೆದರೂ ಹತ್ತು ಲಕ್ಷಕ್ಕೆ ಸುಮಾರು 310 ಭಾಗ. ಕೀಲಿಂಗ್ ರೇಖೆ ಹುಟ್ಟಿದ್ದು ಇಲ್ಲಿಯೇ ಎನ್ನಬೇಕು. ಭೂಮಿಯ ಗಾಳಿಗೆಲ್ಲ ಸಲ್ಲುವ ಒಂದು ಹಿನ್ನೆಲೆ ಅಂಕಿ ಇದೆ, ಸ್ಥಳೀಯ ಗದ್ದಲವನ್ನು ಬದಿಗಿಟ್ಟರೆ ಅದು ಸಿಗುತ್ತದೆ ಎಂಬ ಅರಿವು ಮೊದಲು ಮೂಡಿದ್ದು ಆ ಕಾಡಿನ ಮಧ್ಯಾಹ್ನಗಳಲ್ಲಿ.

1956ರಲ್ಲಿ ಅವರು ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಗೆ ಸೇರಿದರು. ಅದರ ನಿರ್ದೇಶಕ ರೋಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ 1957ರಲ್ಲಿ ಪ್ರಕಟಿಸಿದ ಲೇಖನದ ಹಿಂದಿದ್ದ ರಸಾಯನಶಾಸ್ತ್ರ, ಸಮುದ್ರ ಈ ಅನಿಲವನ್ನು ಎಲ್ಲರೂ ಎಣಿಸಿದ್ದಷ್ಟು ಸುಲಭವಾಗಿ ಹೀರಿಕೊಳ್ಳಲಾರದು ಎಂಬುದರತ್ತ ಬೆರಳು ಮಾಡಿತ್ತು. 1957–58 ಅಂತರರಾಷ್ಟ್ರೀಯ ಭೂಭೌತಿಕ ವರ್ಷ. ಅದರ ಹಣದಿಂದ ದಕ್ಷಿಣ ಧ್ರುವದಲ್ಲೂ ಮೌನಾ ಲೋವಾದಲ್ಲೂ ಅಳತೆ ಶುರುವಾಯಿತು. ಸುಮಾರು 3,400 ಮೀಟರ್ ಎತ್ತರದ, ಸುತ್ತ ಕಪ್ಪು ಲಾವಾ ಬಿಟ್ಟರೆ ಗಿಡವಿಲ್ಲದ, ನಾಲ್ಕೂ ಕಡೆ ಪೆಸಿಫಿಕ್ ಸಾಗರವಿರುವ ಈ ಜಾಗಕ್ಕೆ ಕಾರ್ಖಾನೆಗಳ ಹೊಗೆ ನೇರವಾಗಿ ತಟ್ಟುವುದಿಲ್ಲ. ಯಂತ್ರ ಗಾಳಿಯನ್ನು ಎಳೆದುಕೊಂಡು, ತೇವವನ್ನು ಹೆಪ್ಪುಗಟ್ಟಿಸಿ ತೆಗೆದು, ಅವಕೆಂಪು ಕಿರಣ ಎಷ್ಟು ಹೀರಲ್ಪಟ್ಟಿತೆಂದು ನೋಡುತ್ತದೆ. ಪ್ರಮಾಣ ಗೊತ್ತಿರುವ ಅನಿಲದೊಂದಿಗೆ ಮತ್ತೆ ಮತ್ತೆ ಹೋಲಿಸಿ ತನ್ನನ್ನು ತಿದ್ದಿಕೊಳ್ಳುತ್ತದೆ. ಜ್ವಾಲಾಮುಖಿಯೇ ಅನಿಲ ಉಗುಳುವುದಿಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಉಗುಳುತ್ತದೆ, ಆದರೆ ಇಳಿಜಾರಿನಲ್ಲಿ ಕೆಳಗಿಳಿಯುವ ರಾತ್ರಿಯ ಗಾಳಿಯಲ್ಲಿ ಅದು ಹಠಾತ್ ಏರಿಳಿತವಾಗಿ ಎದ್ದು ಕಾಣುವುದರಿಂದ ಆ ಅಂಕಿಗಳನ್ನು ಬೇರ್ಪಡಿಸಲು ಬರುತ್ತದೆ.

ಮೊದಲ ಅಂಕಿ ಸುಮಾರು 313. ಮೇ ತಿಂಗಳವರೆಗೆ ಅದು ಏರಿತು. ನಡುವೆ ವಿದ್ಯುತ್ ಕೈಕೊಟ್ಟಿತು. ಮತ್ತೆ ಯಂತ್ರ ಓಡಿದಾಗ ಅಂಕಿ ಇಳಿಯುತ್ತಿತ್ತು. ದಾಖಲೆಗೆ ಅರ್ಥವೇ ಇಲ್ಲವೇನೋ ಎಂದು ಕೀಲಿಂಗ್ ಆತಂಕಪಟ್ಟರು. ಮರುವರ್ಷವೂ ಅದೇ ಆಕಾರ ಬಂದಾಗ ವಿಷಯ ತಿಳಿಯಾಯಿತು. ನೆಲ ಹೆಚ್ಚಾಗಿರುವ ಉತ್ತರ ಗೋಳಾರ್ಧದಲ್ಲಿ ವಸಂತದಲ್ಲಿ ಎಲೆ ಚಿಗುರಿ, ಬೇಸಿಗೆಯಿಡೀ ಕಾಡುಗಳು ಇಂಗಾಲವನ್ನು ಎಳೆದುಕೊಳ್ಳುತ್ತವೆ. ಚಳಿಗಾಲದಲ್ಲಿ ಎಲೆ ಕೊಳೆತು ಅದು ಮರಳಿ ಗಾಳಿ ಸೇರುತ್ತದೆ. ಅರ್ಧ ಭೂಮಿಯ ಸಸ್ಯಗಳ ಉಸಿರು ಒಂದು ಕಾಗದದ ಮೇಲೆ ಗೆರೆಯಾಗಿ ಮೂಡಿತ್ತು. 1960ರಲ್ಲಿ ‘ಟೆಲ್ಲಸ್’ ಪತ್ರಿಕೆಯ ಲೇಖನದಲ್ಲಿ ಕೀಲಿಂಗ್ ಈ ಋತುಚಕ್ರದ ಜೊತೆಗೆ ವರ್ಷದಿಂದ ವರ್ಷಕ್ಕೆ ಆಗುತ್ತಿದ್ದ ಏರಿಕೆಯನ್ನೂ ವರದಿ ಮಾಡಿದರು.

ಇಷ್ಟಾದರೂ ಹಣಕ್ಕೆ ಕೊರತೆ ತಪ್ಪಲಿಲ್ಲ. 1964ರ ವಸಂತದಲ್ಲಿ ಅನುದಾನ ಕಡಿತವಾಗಿ ಮೌನಾ ಲೋವಾದ ಅಳತೆ ಕೆಲವು ತಿಂಗಳು ನಿಂತೇಹೋಯಿತು. ಇದು ಹೊಸ ಸಂಶೋಧನೆಯೋ ಬರಿಯ ಮಾಮೂಲಿ ಅಳತೆಯೋ ಎಂಬ ಪ್ರಶ್ನೆಯನ್ನು ಅವರು ದಶಕಗಳ ಕಾಲ ಎದುರಿಸಬೇಕಾಯಿತು. ಆ ಮಾಮೂಲಿತನವೇ ಇದರ ಬೆಲೆ ಎಂಬುದು ಹಣ ಹಂಚುವವರಿಗೆ ಅರ್ಥವಾಗಲು ತಡವಾಯಿತು. 1974ರಿಂದ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯೂ ಅಲ್ಲಿಯೇ ಪ್ರತ್ಯೇಕವಾಗಿ ಅಳೆಯುತ್ತಿದೆ. ಎರಡು ದಾಖಲೆಗಳೂ ಒಂದಕ್ಕೊಂದು ತಾಳೆಯಾಗುತ್ತವೆ.

ಹೆಚ್ಚಿದ ಇಂಗಾಲ ಎಲ್ಲಿಯದು? ನೆಲದಡಿ ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲು, ತೈಲಗಳಲ್ಲಿ ವಿಕಿರಣಶೀಲ ಇಂಗಾಲ-14 ಉಳಿದಿರುವುದಿಲ್ಲ. ಆ ಹೊಗೆ ಬೆರೆತಂತೆ ಗಾಳಿಯ ಇಂಗಾಲ-14 ತೆಳುವಾಗಿರುವುದನ್ನು ಸ್ಯೂಸ್ ಮರದ ಉಂಗುರಗಳಲ್ಲಿ ಮೊದಲೇ ಗುರುತಿಸಿದ್ದರು. ಕೀಲಿಂಗರ ಮಗ ರಾಲ್ಫ್ ಕೀಲಿಂಗ್ 1980ರ ದಶಕದ ಕೊನೆಯಿಂದ ಗಾಳಿಯ ಆಮ್ಲಜನಕವನ್ನು ಅಳೆಯುತ್ತಿದ್ದಾರೆ; ಅದು ನಿಧಾನವಾಗಿ ಇಳಿಯುತ್ತಿದೆ. ಉರಿಯುವ ಕ್ರಿಯೆಗೆ ಆಮ್ಲಜನಕ ಬೇಕು, ಜ್ವಾಲಾಮುಖಿ ಅನಿಲ ಉಗುಳಲು ಅದು ಬೇಕಿಲ್ಲ. ಇನ್ನು ಅಂಟಾರ್ಕ್ಟಿಕದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳು 8 ಲಕ್ಷ ವರ್ಷಗಳ ಲೆಕ್ಕ ಕೊಡುತ್ತವೆ: ಹಿಮಯುಗಗಳಲ್ಲಿ ಸುಮಾರು 180, ಬೆಚ್ಚಗಿನ ಕಾಲಗಳಲ್ಲಿ ಸುಮಾರು 280. ಕೈಗಾರಿಕೆಗೆ ಮುನ್ನ ಇದ್ದದ್ದೂ ಈ 280ರ ಆಸುಪಾಸೇ.

ನಿಸರ್ಗ ಬದಲಾಗುತ್ತಿರುವುದೂ ಇದೇ ರೇಖೆಯಲ್ಲಿ ಕಾಣುತ್ತದೆ. 1960ರ ದಶಕದ ಆರಂಭದಿಂದ ಋತುಚಕ್ರದ ಏರಿಳಿತ ಹವಾಯಿಯಲ್ಲಿ ಶೇ. 20ರಷ್ಟು, ಆರ್ಕ್ಟಿಕ್‌ನಲ್ಲಿ ಶೇ. 40ರಷ್ಟು ಹಿಗ್ಗಿದೆ, ಉತ್ತರದಲ್ಲಿ ಬೆಳವಣಿಗೆಯ ಕಾಲ ಸುಮಾರು ಏಳು ದಿನ ಬೇಗ ಬರುತ್ತಿದೆ ಎಂದು ಕೀಲಿಂಗ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ನಾವು ಹೊರಬಿಟ್ಟ ಇಂಗಾಲದಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಗಾಳಿಯಲ್ಲಿ ಉಳಿಯುತ್ತದೆ; ಮಿಕ್ಕದ್ದನ್ನು ಕಾಡು, ಮಣ್ಣು, ಸಮುದ್ರಗಳು ಹೊತ್ತುಕೊಂಡಿವೆ. ಸಮುದ್ರ ಅದಕ್ಕೆ ಬೆಲೆ ತೆತ್ತಿದೆ: ನೀರಿನ ಪಿಎಚ್ ಸುಮಾರು 0.1ರಷ್ಟು ಇಳಿದು, ಹವಳಗಳಿಗೂ ಚಿಪ್ಪುಜೀವಿಗಳಿಗೂ ಸುಣ್ಣದ ಮೈ ಕಟ್ಟಿಕೊಳ್ಳುವುದು ಕಷ್ಟವಾಗುತ್ತಿದೆ.

ಭಾರತದಲ್ಲಿ ಇಂಥ ಅಳತೆ ತಡವಾಗಿ ಬಂತು. ಕಾರವಾರಕ್ಕೆ ಹತ್ತಿರದ ಗೋವಾ ತೀರದ ಕಾಬೊ ದ ರಾಮಾದಲ್ಲಿ 1993ರಲ್ಲಿ ಗಾಳಿಯ ಮಾದರಿ ಸಂಗ್ರಹ ಶುರುವಾಯಿತು. ಮುಂಗಾರಿನಲ್ಲಿ ಅಲ್ಲಿ ಸಮುದ್ರದ ಶುದ್ಧ ಗಾಳಿ, ಚಳಿಗಾಲದಲ್ಲಿ ಒಳನಾಡಿನ ಗಾಳಿ. ಮಧ್ಯೆ ಕೆಲವು ವರ್ಷ ಆ ಕೆಲಸ ನಿಂತದ್ದು ನಷ್ಟವೇ. ತಪ್ಪಿಹೋದ ವರ್ಷದ ಗಾಳಿಯನ್ನು ಹಿಂದಿರುಗಿ ಅಳೆಯಲಾಗುವುದಿಲ್ಲ.

ಕೀಲಿಂಗ್ ತೀರಿಕೊಂಡ ಮೇಲೆ ಸ್ಕ್ರಿಪ್ಸ್‌ನ ದಾಖಲೆಯ ಹೊಣೆ ರಾಲ್ಫ್ ಅವರದಾಯಿತು. 2013ರ ಮೇನಲ್ಲಿ ದೈನಿಕ ಸರಾಸರಿ ಮೊದಲ ಬಾರಿಗೆ 400 ಮುಟ್ಟಿತು. 2022ರ ನವೆಂಬರಿನಲ್ಲಿ ಮೌನಾ ಲೋವಾ ಸಿಡಿದು ಲಾವಾ ಹರಿದಾಗ ರಸ್ತೆಯೂ ವಿದ್ಯುತ್ ತಂತಿಯೂ ಕಡಿದವು. ನೆರೆಯ ಮೌನಾ ಕಿಯಾ ಪರ್ವತಕ್ಕೆ ಯಂತ್ರ ಸಾಗಿಸಿ ಅಳತೆ ಮುಂದುವರಿಸಲಾಯಿತು. 1960ರ ದಶಕದಲ್ಲಿ ವರ್ಷಕ್ಕೆ ಒಂದು ಭಾಗದಷ್ಟೂ ಇರದಿದ್ದ ಏರಿಕೆ ಈಗ ಎರಡನ್ನು ಮೀರಿದೆ. 2025ರ ಮೇ ತಿಂಗಳ ಸರಾಸರಿ 430ನ್ನು ದಾಟಿತು.