ಮಲ್ಪೆ: ಮೀನುಗಾರಿಕಾ ಬಂದರು ಪಟ್ಟಣ

ಮಲ್ಪೆಯು ಕರ್ನಾಟಕ ಕರಾವಳಿಯ ಪ್ರಮುಖ ಮೀನುಗಾರಿಕಾ ಬಂದರುಗಳಲ್ಲಿ ಒಂದಾಗಿದೆ. ಇದು ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿದ್ದು, ಉಡುಪಿ ನಗರಸಭೆಯ ವ್ಯಾಪ್ತಿಗೆ ಒಳಪಟ್ಟಿರುತ್ತದೆ.

ಭೌಗೋಳಿಕ ಲಕ್ಷಣಗಳು

ಉದ್ಯಾವರ ಹೊಳೆಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಳಿ ಬಂದರು ಇರುತ್ತದೆ. ಸಮೀಪದ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದ ಲಾವಾರಸದಿಂದ ಉಂಟಾದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ.

ಇತಿಹಾಸ

ಮಲ್ಪೆಯ ಕಡಲಲ್ಲಿ ಬಿರುಗಾಳಿಗೆ ಸಿಲುಕಿದ ಹಡಗನ್ನು ಮಧ್ವಾಚಾರ್ಯರು ಪಾರುಮಾಡಿ, ಗೋಪೀಚಂದನದ ಹೆಂಟೆಯಲ್ಲಿದ್ದ ಶ್ರೀಕೃಷ್ಣನ ವಿಗ್ರಹವನ್ನು ಪಡೆದರೆಂಬ ಐತಿಹ್ಯವಿದೆ. ಇಲ್ಲಿನ ವಡಭಾಂಡೇಶ್ವರದಲ್ಲಿ ಬಲರಾಮನ ದೇವಾಲಯವಿದೆ. 1498ರಲ್ಲಿ ವಾಸ್ಕೋ ಡ ಗಾಮನು ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದನೆಂಬ ಪ್ರತೀತಿಯಿದೆ. ದರಿಯಾ ಬಹಾದೂರ್‌ಗಡ ದ್ವೀಪದಲ್ಲಿ ಬಿದನೂರು ಅರಸರ ಕಾಲದ ಕೋಟೆಯ ಅವಶೇಷಗಳಿವೆ.

ಮೀನುಗಾರಿಕೆ ಮತ್ತು ಆರ್ಥಿಕತೆ

ಮೊಗವೀರರು ಇಲ್ಲಿನ ಪ್ರಮುಖ ಮೀನುಗಾರ ಸಮುದಾಯ. ಹಿಂದೆ ರಂಪಣಿ ಬಲೆಯೇ ಮುಖ್ಯ ಆಧಾರವಾಗಿತ್ತು. ದೋಣಿಯಿಂದ ಕಡಲಿಗೆ ಹಾಸಿದ ಈ ದೊಡ್ಡ ಬಲೆಯ ಎರಡೂ ತುದಿಗಳನ್ನು ಹತ್ತಾರು ಜನರು ದಡದಿಂದ ಎಳೆದು, ದೊರೆತ ಬಂಗುಡೆ ಹಾಗೂ ಭೂತಾಯಿ ಮೀನನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಯಂತ್ರಚಾಲಿತ ದೋಣಿಗಳ ಪರ್ಸೀನ್ ಬಲೆಯು ಮೀನಿನ ಹಿಂಡನ್ನು ದಡ ತಲುಪುವ ಮೊದಲೇ ಸುತ್ತುವರಿಯತೊಡಗಿದ್ದರಿಂದ ರಂಪಣಿಯು ಕ್ಷೀಣಿಸಿತು. ದಡದಲ್ಲಿ ನಿಂತು ದುಡಿಯುತ್ತಿದ್ದವರು ಪಾಲನ್ನು ಕಳೆದುಕೊಂಡರು.

ಇಂದು ಟ್ರಾಲ್ ದೋಣಿಗಳು ಹಲವು ದಿನ ಆಳಸಮುದ್ರದಲ್ಲಿ ಉಳಿದು ಮೀನು ಹಿಡಿಯುತ್ತವೆ. ಮಂಜುಗಡ್ಡೆ ಸ್ಥಾವರ, ದೋಣಿ ನಿರ್ಮಾಣ, ಬಲೆ ದುರಸ್ತಿ ಮತ್ತು ಮೀನು ಸಾಗಾಟವು ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿವೆ. ಮೀನು ಮಾರಾಟದಲ್ಲಿ ಮಹಿಳೆಯರ ಪಾತ್ರ ಹಿರಿದಾಗಿರುತ್ತದೆ.

ದೂರದ ಕಡಲಿನ ದುಡಿಮೆಯು ಅಪಾಯದಿಂದ ಕೂಡಿದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿಯು 7 ಮೀನುಗಾರರೊಂದಿಗೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣ ಕಡಲಿನಲ್ಲಿ ನೌಕಾಪಡೆಯ ಶೋಧದಿಂದ ಪತ್ತೆಯಾಯಿತು.

ಮೀನುಗಾರಿಕೆ ನಿಷೇಧದ ಅವಧಿ

ಮೀನಿನ ಸಂತಾನಾಭಿವೃದ್ಧಿ ಹಾಗೂ ಮೀನುಗಾರರ ಸುರಕ್ಷತೆಯ ದೃಷ್ಟಿಯಿಂದ ಸಾಮಾನ್ಯವಾಗಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ಈ ಅವಧಿಯಲ್ಲಿ ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇರುತ್ತದೆ. ಮರಿಮೀನುಗಳು ಬೆಳೆಯಲು ಬಿಡುವು ದೊರೆತರೆ ಮಾತ್ರ ಮುಂದಿನ ಋತುವಿನಲ್ಲಿ ಬಂದರಿಗೂ ಅದನ್ನು ನಂಬಿದವರಿಗೂ ದುಡಿಮೆ ಇರುತ್ತದೆ. ಆದ್ದರಿಂದ ಈ ನಿಷೇಧದ ಪಾಲನೆಯು ಮೀನುಗಾರರ ಹಿತಕ್ಕೇ ಪೂರಕವಾಗಿರುತ್ತದೆ.