ಟ್ಯಾಬೊ, ಲ್ಯಾಪ್‌ಟಾಪೊ? ಒಂದು ಹಳೇ ಪಾಟಿ ಕತಿ

ಭಿಶಿ ರೊಕ್ಕ ಬಂದ್ರ ಮನಿಗೆ ಟ್ಯಾಬ್ ತರೂದೊ, ಲ್ಯಾಪ್‌ಟಾಪ್ ತರೂದೊ ಅಂತ ನಮ್ಮ ಹುಕ್ಕೇರಿ ಓಣ್ಯಾಗ ಮಾತು ನಡದೈತಿ. ಟ್ಯಾಬ್ ಅಂದ್ರ ಪರದೇಶದ ಹೊಸಾ ವಸ್ತು ಅನಬ್ಯಾಡ್ರಿ ಅಕ್ಕಾರ. ಐಪ್ಯಾಡ್ ಬಂದದ್ದು 2010ರಾಗ. ಅದಕ್ಕೂ ಮೊದಲ, 2001ರ ಹೊತ್ತಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರ ಜೋಡಿ ಕೂಡಿ ‘ಸಿಂಪ್ಯೂಟರ್’ ಅನ್ನೂ ಅಂಗೈ ಪಾಟಿ ಮಾಡಿದ್ರು. ಕೀಬೋರ್ಡ್ ಇಲ್ಲ, ಕಡ್ಡಿಲೆ ಮುಟ್ಟಿದ್ರಾತು. ಓದಾಕ ಬರದವ್ರಿಗೂ ನಮ್ಮ ಭಾಷಾದಾಗ ಓದಿ ಹೇಳಬೇಕು ಅನ್ನೂದು ಅವರ ಆಶಾ. 2004ರಾಗ ಪ್ಯಾಟಿಗೆ ಬಂತು; ಅಂದ್ಕೊಂಡಷ್ಟು ಮಾರಲಿಲ್ಲ.

ಆದ್ರ ಅವ್ರು ಮೊದಲ ವಿಚಾರ ಮಾಡಿದ್ದು, ಇದನ್ನ ಹಿಡಿಯೂ ಕೈ ಯಾರದು ಅಂತ. ನಾವೂ ಅದನ್ನ ಕೇಳಬೇಕು. ಅತ್ತಿಯವ್ರು ಭಜನಿ ಕೇಳಾಕ, ಸಣ್ಣ ಹುಡುಗ್ರು ಪಾಠ ನೋಡಾಕ ಟ್ಯಾಬ್ ಸಾಕು. ಮಗಳು ಅರ್ಜಿ ಬರೀಬೇಕು, ಲೆಕ್ಕಾ ಟೈಪ್ ಮಾಡಬೇಕು ಅಂದ್ರ ಲ್ಯಾಪ್‌ಟಾಪ್ ಬೇಕ ಬೇಕು. ರೊಕ್ಕ ಉಳೀತೈತಿ ಅಂತ ಆಕಿ ಕೈಗೆ ಟ್ಯಾಬ್ ಕೊಟ್ಟು ಕೂಡಿಸಬ್ಯಾಡ್ರಿ.