ಕರಾವಳಿಯ ಊಟವೂ ಮಳೆಗಾಲದ ಪಥ್ಯವೂ

ಕ್ರಿಸ್ತಶಕ 1342ರ ಸುಮಾರಿಗೆ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು ನಮ್ಮ ಪಶ್ಚಿಮ ಸಮುದ್ರದ ತೀರವನ್ನು ಹಿಡಿದು ತೆಂಕಣಕ್ಕೆ ಸಾಗುತ್ತಿದ್ದನು. ದಾರಿಯಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿ ಊಟಕ್ಕೆ ಕುಳಿತನು. ಅರಸರ ಪರಾಕ್ರಮವನ್ನೂ ಸೈನ್ಯದ ಸಂಖ್ಯೆಯನ್ನೂ ಬರೆದಿಟ್ಟ ಪ್ರವಾಸಿಗಳು ಬಹುಮಂದಿ. ಎಲೆಗೆ ಏನು ಬಿತ್ತು, ಯಾವುದರ ಹಿಂದೆ ಯಾವುದು ಬಂದಿತು ಎಂದು ಬರೆದವರು ವಿರಳ. ಈತನು ಬರೆದನು. ತಾಮ್ರದ ಹರಿವಾಣದಲ್ಲಿ ಮೊದಲು ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಒಂದು ತುತ್ತು ಅನ್ನಕ್ಕೆ ಒಂದಿಷ್ಟು ಉಪ್ಪಿನಕಾಯಿ. ಬಳಿಕ ಕೋಳಿ, ಮೀನು, ಕಾಯಿಪಲ್ಯ. ಎಲ್ಲಕ್ಕೂ ಕೊನೆಯಲ್ಲಿ ಹುಳಿಹಾಲು, ಎಂದರೆ ಮೊಸರು ಇಲ್ಲವೆ ಮಜ್ಜಿಗೆ. ಅದು ಬಂದಿತೆಂದರೆ ಬಡಿಸತಕ್ಕದ್ದು ಇನ್ನೇನೂ ಉಳಿದಿಲ್ಲವೆಂದು ತಿಳಿಯಬೇಕು. ಅದರ ಮೇಲೆ ಕುಡಿಯುವುದು ಬಿಸಿನೀರು. ಮಳೆಗಾಲದಲ್ಲಿ ತಣ್ಣೀರು ಮೈಗೆ ಕೆಡುಕೆಂಬ ಕಾರಣವನ್ನೂ ಆತನು ಜೊತೆಗೆ ಹೇಳಿದ್ದಾನೆ. ಮತ್ತೊಮ್ಮೆ ಅದೇ ಸುಲ್ತಾನನ ಬಳಿ ಹನ್ನೊಂದು ತಿಂಗಳು ಇದ್ದಾಗ ರೊಟ್ಟಿಯನ್ನೇ ಕಾಣಲಿಲ್ಲವಂತೆ. ಗೋಧಿಯ ನಾಡಿನಿಂದ ಬಂದವನ ಈ ಗೊಣಗಾಟಕ್ಕೆ ನಾವು ಮರುಗಬೇಕಾದುದೇ.

ಹೊನ್ನಾವರದಿಂದ ಮುಂದಕ್ಕೆ ಸಾಗಿ ಆತನು ಮಂಗಳೂರನ್ನು ಮುಟ್ಟಿದನು. ಅವನ ಬರವಣಿಗೆಯಲ್ಲಿ ಇದು ‘ಮಂಜರೂರು’. ಪಾರಸಿ ಮತ್ತು ಯೆಮನ್ ದೇಶಗಳ ವರ್ತಕರು ಇಳಿಯುವ ದೊಡ್ಡ ಪಟ್ಟಣವೆಂದೂ ಮೆಣಸು ಶುಂಠಿಗಳು ಇಲ್ಲಿ ಹೇರಳವೆಂದೂ ಹೇಳಿದ್ದಾನೆ. ಮಂಗಳೂರಿನ ಮನೆಗಳಲ್ಲಿ ಇಂದಿಗೂ ಆಷಾಢದ ಜಡಿಮಳೆಯಲ್ಲಿ ಶುಂಠಿಯನ್ನೋ ಜೀರಿಗೆಯನ್ನೋ ಹಾಕಿ ಕುದಿಸಿದ ನೀರನ್ನು ಹಿರಿಯರು ಮುಂದಿಡುವುದನ್ನು ಕಂಡಾಗ ಈ ಪ್ರವಾಸಿಯ ನೆನಪಾಗದೆ ಇರದು. ಏಳು ಶತಮಾನಗಳ ಹಿಂದೆಯೇ ಹೊರಗಿನವನೊಬ್ಬನು ಗುರುತಿಸಿದ ವಾಡಿಕೆ ಇದು. ಇದು ವೈದ್ಯರ ಗ್ರಂಥದಿಂದ ಅಡುಗೆಮನೆಗೆ ಇಳಿದುದೋ, ಅಡುಗೆಮನೆಯಿಂದ ಗ್ರಂಥಕ್ಕೆ ಏರಿದುದೋ ಎಂಬುದನ್ನು ವಿಚಾರಿಸುವುದಕ್ಕಾಗಿಯೇ ನಾವು ಈ ಪ್ರಸಂಗವನ್ನು ಎತ್ತಿಕೊಂಡಿದ್ದೇವೆ.

ಗ್ರಂಥವು ಏನು ಹೇಳುತ್ತದೆಂಬುದು ಸ್ಪಷ್ಟವಾಗಿದೆ. ತುಳುನಾಡಿನಲ್ಲಿಯೂ ಕೇರಳದಲ್ಲಿಯೂ ವೈದ್ಯರ ಕೈಯಲ್ಲಿ ಹೆಚ್ಚಾಗಿ ಓಡಾಡಿದ ಗ್ರಂಥ ವಾಗ್ಭಟನ ಅಷ್ಟಾಂಗಹೃದಯ. ಅದರ ಋತುಚರ್ಯೆಯ ಅಧ್ಯಾಯದಲ್ಲಿ ವರ್ಷಾಕಾಲವೆಂದರೆ ಜಠರಾಗ್ನಿಯು ಮಂದವಾಗುವ, ವಾತವು ಕೆರಳುವ ಕಾಲ. ಆಗ ಹಳೆಯ ಧಾನ್ಯವನ್ನು ಉಣ್ಣಬೇಕು. ಆಕಾಶದಿಂದ ಬಿದ್ದ ನೀರನ್ನೋ ಬಾವಿಯ ನೀರನ್ನೋ ಕಾಯಿಸಿ ಕುಡಿಯಬೇಕು. ನದಿಯ ನೀರು ಬೇಡ, ಹಗಲುನಿದ್ದೆ ಬೇಡ, ಅತಿಯಾದ ಆಯಾಸ ಬೇಡ. ಮೊಸರಿನ ತಿಳಿಗೆ ಸೌವರ್ಚಲ ಲವಣವನ್ನೂ ಪಂಚಕೋಲದ ಪುಡಿಯನ್ನೂ ಬೆರೆಸಿ ಸೇವಿಸಬಹುದೆಂಬ ಸೂಚನೆಯೂ ಉಂಟು. ಪಂಚಕೋಲದಲ್ಲಿ ಹಿಪ್ಪಲಿ, ಒಣಶುಂಠಿ ಮೊದಲಾದ ಐದು ದ್ರವ್ಯಗಳು. ನಮ್ಮ ಊಟದ ಕೊನೆಗೆ ಬರುವ, ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆಯು ಇದರ ಬಡ ಬಂಧುವೆಂದರೆ ತಪ್ಪಾಗಲಾರದು.

ಆದರೆ ವಾಗ್ಭಟನು ಸಿಂಧು ದೇಶದವನೆಂಬುದು ಪರಂಪರೆಯ ಮಾತು. ಸಿಂಧುವಿನ ಮಳೆಯೆಲ್ಲಿ, ಮಂಗಳೂರಿನ ಮಳೆಯೆಲ್ಲಿ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರಿನಲ್ಲಿ ಬಾವಿಯ ಬಾಯಿಗೆ ಅಂಗಳದ ನೀರು ಸೇರುವುದನ್ನೂ, ನೇತ್ರಾವತಿಯು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುವುದನ್ನೂ ಕಣ್ಣಿದ್ದವರೆಲ್ಲರೂ ಕಂಡಿರಬೇಕು. ಹೊಟ್ಟೆಯ ಬೇನೆಗಳು ಇದೇ ತಿಂಗಳುಗಳಲ್ಲಿ ಹಬ್ಬುತ್ತಿದ್ದುದನ್ನೂ ಕಂಡಿರಬೇಕು. ನೀರಿನಲ್ಲಿರುವ ಕ್ರಿಮಿಯಿಂದ ರೋಗ ಬರುತ್ತದೆಂಬುದು ಹತ್ತೊಂಬತ್ತನೆಯ ಶತಮಾನಕ್ಕೆ ಮುಂಚೆ ಸಿದ್ಧಪಟ್ಟಿರಲಿಲ್ಲ. ಕಾಯಿಸಿದ ನೀರು ಕೆಡುಕು ಮಾಡದೆಂಬ ಅನುಭವ ಮಾತ್ರ ಇದ್ದಿತು. ವಾಗ್ಭಟನು ಅದಕ್ಕೆ ಮಂದಾಗ್ನಿಯ ಕಾರಣವನ್ನು ಕೊಟ್ಟನು, ನಾವು ಕ್ರಿಮಿಯ ಕಾರಣವನ್ನು ಕೊಡುತ್ತೇವೆ. ಹೊನ್ನಾವರದ ಅಡಿಗೆಯವರು ಯಾವ ಕಾರಣವನ್ನೂ ಕೇಳದೆ ನೀರನ್ನು ಒಲೆಯ ಮೇಲೆ ಇಟ್ಟರು. ಒಂದು ಎಚ್ಚರಿಕೆ: ಬೆಚ್ಚಗಾದ ನೀರು ಕುದಿದ ನೀರಲ್ಲ. ಇಂದಿನ ಕೆಲವು ಉಪಾಹಾರಗೃಹಗಳಲ್ಲಿ ಕುದಿದ ನೀರಿಗೆ ನಲ್ಲಿಯ ತಣ್ಣೀರನ್ನು ಬೆರೆಸಿ ‘ಬಿಸಿನೀರು’ ಎಂದು ಕೊಡುವುದನ್ನು ವಾಗ್ಭಟನೂ ಒಪ್ಪಲಾರನು, ಇಂದಿನ ವೈದ್ಯನೂ ಒಪ್ಪಲಾರನು.

ಮೆಣಸು ಶುಂಠಿಗಳ ವಿಚಾರದಲ್ಲಿ ಮಂಗಳೂರು ಲೋಕಕ್ಕೆಲ್ಲ ಕೊಡುವ ಕೈಯಾಗಿದ್ದಿತು. ಇಬ್ನ್ ಬತೂತನಿಗೆ ಎರಡು ಶತಮಾನ ಹಿಂದೆ, 1132ರಿಂದ 1149ರ ವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಬಹುಮಟ್ಟಿಗೆ ಮಂಗಳೂರಿನಲ್ಲಿ ನೆಲಸಿದ್ದನು. ಕೈರೋ ಪಟ್ಟಣದ ಹಳೆಯ ಪ್ರಾರ್ಥನಾಮಂದಿರದಲ್ಲಿ ಸಿಕ್ಕಿದ ಕಾಗದಗಳಿಂದ ಅವನ ವ್ಯಾಪಾರವು ನಮಗೆ ತಿಳಿದಿದೆ: ಇಲ್ಲಿಂದ ಏಡನ್ನಿಗೆ ಮೆಣಸು, ಅಡಕೆ, ಕಬ್ಬಿಣ, ಅಲ್ಲಿಂದ ಇಲ್ಲಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಅರಬ್ಬೀ ಸಮುದ್ರದ ಆಚೆಯವರು ಚಿನ್ನ ತೆತ್ತು ಕೊಂಡ ದೀಪನದ್ರವ್ಯವು ನಮ್ಮವರಿಗೆ ಹಿತ್ತಿಲ ಬಳ್ಳಿಯಲ್ಲಿ ತೂಗುತ್ತಿದ್ದಿತು. ಒಗ್ಗರಣೆಯೇ ಔಷಧವೆಂಬ ಭಾವನೆಯು ಇಂಥ ನಾಡಿನಲ್ಲಿ ಹುಟ್ಟಿದರೆ ಆಶ್ಚರ್ಯವೇನು? ಪಾಕವನ್ನೂ ವೈದ್ಯವನ್ನೂ ಒಂದೇ ಮನೆಯ ವಿದ್ಯೆಗಳೆಂದು ಎಣಿಸುವುದು ಕನ್ನಡದಲ್ಲಿ ಹಳೆಯ ಪದ್ಧತಿ. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಎರಡೂ ಉಂಟು. ಮಂಗಳೂರು ಕೆಳದಿಯ ನಾಯಕರಿಗೆ ಅಧೀನವಾಗಿದ್ದ ಕಾಲದಲ್ಲಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಬಸವಪ್ಪನಾಯಕನು ಸಂಸ್ಕೃತದಲ್ಲಿ ಸಂಗ್ರಹಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಪಾಕಶಾಸ್ತ್ರಕ್ಕೆ ಸ್ಥಳವುಂಟು.

ಇನ್ನು ಅಕ್ಕಿಯ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಏಕೆಂದರೆ ಕರಾವಳಿಯವರು ಲೋಕಕ್ಕೆ ಹೇಳಬಹುದಾದ ನಿಜವಾದ ಸಂಗತಿಯು ಇಲ್ಲಿದೆ. ಆಯುರ್ವೇದವು ಅನ್ನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಬರಿಯ ತಿಳಿಯಾದ ಮಂಡ, ಕುಡಿಯುವಷ್ಟು ತೆಳ್ಳಗಿನ ಪೇಯಾ, ಮಂದವಾದ ವಿಲೇಪಿ, ಗಟ್ಟಿಯಾದ ಓದನ. ಮೊದಮೊದಲಿನವು ಹೆಚ್ಚು ಲಘು. ಲಂಘನದಿಂದಲೋ ಶೋಧನದಿಂದಲೋ ಬಳಲಿದ ರೋಗಿಯನ್ನು ಈ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಹತ್ತಿಸಿ ಮಾಮೂಲು ಊಟಕ್ಕೆ ತರಬೇಕೆಂದು ವಿಧಿ. ಮಂಗಳೂರಿನವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನು ಜ್ವರ ಬಂದಾಗ ಗಂಜಿತಿಳಿ ಕುಡಿಯುತ್ತಾನೆ, ಜ್ವರ ಇಳಿದಾಗ ಗಂಜಿ ಉಣ್ಣುತ್ತಾನೆ. ಜ್ವರವಿಲ್ಲದಾಗಲೂ ಉಪ್ಪಿನಕಾಯಿಯೊಡನೆ ಅದನ್ನೇ ಉಣ್ಣುತ್ತಾನೆ.

ಗಂಜಿಯಷ್ಟೇ ಅಲ್ಲ, ಅದಕ್ಕೆ ಹಾಕುವ ಅಕ್ಕಿಯೂ ಬೇರೆ. ಭತ್ತವನ್ನು ಸಿಪ್ಪೆಸಮೇತ ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ ಅಕ್ಕಿ ಕುಚ್ಚಲಕ್ಕಿ. ತುಳುವಿನಲ್ಲಿ ಉರ್ಪೆಲ್ ಅರಿ. ಘಟ್ಟದ ಮೇಲಿನ ನಮ್ಮಂಥವರು ಇದರ ದಪ್ಪವನ್ನೂ ವಾಸನೆಯನ್ನೂ ಕುರಿತು ಹಾಸ್ಯ ಮಾಡುತ್ತ ಬಂದಿದ್ದೇವೆ. ಹಾಸ್ಯಕ್ಕೆ ಉತ್ತರವು ದೂರದ ಮಲಯದಿಂದ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಬೆರಿಬೆರಿ ಎಂಬ ರೋಗದಿಂದ ಚೀನೀ ಕೂಲಿಗಳು ಸಾಯುತ್ತಿದ್ದರು. ಕಾಲು ಬಾತು, ನರ ಸೋತು, ಹೃದಯ ನಿಲ್ಲುತ್ತಿದ್ದಿತು. ಪಕ್ಕದಲ್ಲಿಯೇ ದುಡಿಯುತ್ತಿದ್ದ ತಮಿಳು ಕೂಲಿಗಳಿಗೆ ಆ ರೋಗವು ಅಪರೂಪ. ಚೀನೀಯರು ಉಣ್ಣುತ್ತಿದ್ದುದು ಬೆಳ್ಳಗೆ ತೀಡಿದ ಸಯಾಮಿನ ಹಸಿ ಅಕ್ಕಿ. ತಮಿಳರು ಉಣ್ಣುತ್ತಿದ್ದುದು ಬೇಯಿಸಿ ಒಣಗಿಸಿದ ಅಕ್ಕಿ. ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯನು ರೋಗಿಗಳನ್ನು ಎರಡು ಪಂಗಡವಾಗಿ ಮಾಡಿ, ಒಂದಕ್ಕೆ ಆ ಅಕ್ಕಿ, ಇನ್ನೊಂದಕ್ಕೆ ಈ ಅಕ್ಕಿ ಎಂದು ಉಣಿಸಿ ನೋಡಿದನು. ಫಲವು 1907ರಲ್ಲಿ ಪ್ರಕಟವಾಯಿತು: ಹಸಿ ಅಕ್ಕಿಯ ಪಂಗಡದಲ್ಲಿ ಬೆರಿಬೆರಿಯಿಂದ 18 ಮಂದಿ ಸತ್ತರು, ಬೇಯಿಸಿದ ಅಕ್ಕಿಯ ಪಂಗಡದಲ್ಲಿ ಹೊಸದಾಗಿ ರೋಗ ತಗುಲಿದವರೇ ಇಲ್ಲ. ಒಪ್ಪಿಗೆಯನ್ನು ಹೇಳಲಾರದ ಜನರ ಮೇಲೆ ಇಂಥ ಪರೀಕ್ಷೆಯನ್ನು ಮಾಡಿದುದು ಇಂದು ನಮಗೆ ಕ್ರೂರವಾಗಿ ತೋರುತ್ತದೆ. ಆದರೂ ಅದರಿಂದ ತಿಳಿದುದು ಸತ್ಯ. ಬೇಯಿಸುವಾಗ ತೌಡಿನಲ್ಲಿರುವ ಜೀವಸತ್ತ್ವವು ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ತೌಡು ಹೋದರೂ ಅದು ಬಹುಮಟ್ಟಿಗೆ ಉಳಿಯುತ್ತದೆ. ಭಾರತದಲ್ಲಿ ಕೂನೂರಿನ ಸಂಶೋಧಕ ರಾಬರ್ಟ್ ಮೆಕ್ಯಾರಿಸನ್ನನು 1920ರ ದಶಕದಲ್ಲಿ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧವನ್ನು ಪರಿಶೀಲಿಸಿದನು. ಆಗ ಆ ರೋಗದ ನೆಲೆಯಾಗಿದ್ದುದು ತೆಲುಗು ನಾಡಿನ ಉತ್ತರ ಸರಕಾರ ಜಿಲ್ಲೆಗಳು, ನಮ್ಮ ಕರಾವಳಿಯಲ್ಲ.

ಬೇಯಿಸಿ ಬಸಿದು ಚೆಲ್ಲುವ ನೀರಿನಲ್ಲಿಯೂ ಇದೇ ಸತ್ತ್ವವು ಕರಗಿ ಹೋಗುತ್ತದೆ. ಗಂಜಿಯೂಟದಲ್ಲಿ ಆ ನೀರು ಬಟ್ಟಲಲ್ಲಿಯೇ ನಿಲ್ಲುತ್ತದೆ. ಈ ಲೆಕ್ಕವು ಮಂಗಳೂರಿನ ಅಜ್ಜಿಯರಿಗೆ ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಭತ್ತವನ್ನು ಬೇಯಿಸಿದರೆ ಕುಟ್ಟುವಾಗ ಕಾಳು ಮುರಿಯುವುದು ಕಡಮೆ, ಮಳೆಗಾಲದಲ್ಲಿ ಹುಳು ಹಿಡಿಯುವುದು ಕಡಮೆ ಎಂಬುದಷ್ಟೇ ಅವರಿಗೆ ಗೊತ್ತಿದ್ದಿತು, ಅಷ್ಟೇ ಸಾಕಾಗಿದ್ದಿತು. ಇಂದು ಅಂಗಡಿಯಲ್ಲಿ ದೊರೆಯುವ, ಹೆಚ್ಚಾಗಿ ತೀಡಿ ಬೆಳ್ಳಗೆ ಮಾಡಿದ ಕುಚ್ಚಲಕ್ಕಿಯಲ್ಲಿ ನಾರಿನಂಶವು ಹೋಗಿರುತ್ತದೆ. ಇನ್ನು ಕುಚ್ಚಲಕ್ಕಿಯನ್ನು ಮಧುಮೇಹಕ್ಕೆ ಔಷಧವೆನ್ನುವವರೂ ಇದ್ದಾರೆ. ಅದು ಅನ್ನವೇ ಹೊರತು ಔಷಧವಲ್ಲ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಉಳಿದೊಂದು ಪಾಲು ಗಾಳಿಗೆ ಎಂದ ವಾಗ್ಭಟನ ಅಳತೆಯು ಕೆಂಪಕ್ಕಿಗೂ ಸಲ್ಲುತ್ತದೆ.

ಇಲ್ಲಿಯವರೆಗೆ ಗ್ರಂಥವೂ ವಾಡಿಕೆಯೂ ಕೈ ಹಿಡಿದು ನಡೆದುವು. ಆಟಿಯ ತಿಂಗಳಿಗೆ ಬಂದರೆ ದಾರಿ ಬೇರೆಯಾಗುತ್ತದೆ. ತುಳುವರ ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ. ಈಗ ಮಂಗಳೂರಿನ ಸಭಾಭವನಗಳಲ್ಲಿ ‘ಆಟಿಡೊಂಜಿ ದಿನ’ವನ್ನು ಆಚರಿಸಿ, ಕೆಸುವಿನೆಲೆಯ ಪತ್ರೊಡೆ, ಬಿದಿರಿನ ಕಣಿಲೆ, ತಜಂಕಿನ ಪಲ್ಯ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಇವುಗಳನ್ನು ಬಡಿಸಿ, ಇವೆಲ್ಲವೂ ಹಿರಿಯರ ಆಯುರ್ವೇದವೆಂದು ಭಾಷಣ ಮಾಡುತ್ತಾರೆ. ರುಚಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ಆದರೆ ಅದೇ ಅಷ್ಟಾಂಗಹೃದಯವನ್ನು ತೆರೆದು ನೋಡಿದರೆ ಬಿದಿರಿನ ಮೊಳಕೆಯು ರೂಕ್ಷ, ಉರಿಯನ್ನುಂಟುಮಾಡತಕ್ಕದ್ದು, ವಾತಪಿತ್ತಗಳನ್ನು ಹೆಚ್ಚಿಸತಕ್ಕದ್ದು ಎಂದಿದೆ. ವಾತವು ತಾನಾಗಿಯೇ ಕೆರಳಿರುವ ಕಾಲದಲ್ಲಿ ವಾತಕರವಾದುದನ್ನು ಯಾವ ವೈದ್ಯನು ಉಣ್ಣಹೇಳಿಯಾನು? ಹಲಸು ಗುರುವಾದ ಪದಾರ್ಥ, ಅಗ್ನಿಯಾದರೋ ಮಂದ.

ಉಂಡುದಕ್ಕೆ ಕಾರಣ ಬೇರೆ ಇದ್ದಿತು. ಆಟಿಯಲ್ಲಿ ಕಣಜವು ತಳ ಕಂಡಿರುತ್ತಿದ್ದಿತು. ಏಣೇಲು ಬೆಳೆ ಗದ್ದೆಯಲ್ಲಿ ಹಸಿರಾಗಿಯೇ ನಿಂತಿರುತ್ತಿದ್ದಿತು. ಕಡಲು ಮುನಿದು ದೋಣಿ ಇಳಿಯುತ್ತಿರಲಿಲ್ಲ. ದುಡಿಯುವ ಕೈಗೆ ಕೆಲಸವಿಲ್ಲ, ಕೂಲಿಯ ಅಕ್ಕಿಯಿಲ್ಲ. ಆಗ ಬೇಲಿಯ ಸೊಪ್ಪು, ಗುಡ್ಡದ ಕಣಿಲೆ, ಬೇಸಿಗೆಯಲ್ಲಿ ಉಪ್ಪು ಹಾಕಿ ಭದ್ರಪಡಿಸಿದ ತೊಳೆ ಇವೇ ಪ್ರಾಣವನ್ನು ಉಳಿಸಿದುವು. ತಾಳೆಗರಿಯ ಕೊಡೆ ಹಿಡಿದು ಮನೆಯಿಂದ ಮನೆಗೆ ಬರುವ ಆಟಿ ಕಳೆಂಜನು ಮಾರಿಯನ್ನು ಕಳೆಯುವವನೆಂದು ನಂಬಿಕೆ. ಅವನ ಬುಟ್ಟಿಗೆ ಬೀಳುತ್ತಿದ್ದ ಅಕ್ಕಿ ತೆಂಗಿನಕಾಯಿಗಳೇ ಆ ನಲಿಕೆಯವನ ಮನೆಯ ಆಟಿಯನ್ನು ಕಳೆಯುತ್ತಿದ್ದುವು. ಇದನ್ನು ಹಸಿವೆಯ ಚರಿತ್ರೆಯೆಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ಕಣಿಲೆಯನ್ನು ಹೆಚ್ಚಿ ದಿನದಿನವೂ ನೀರು ಬದಲಿಸಿ ನೆನೆಸಿಡುವುದರಿಂದ ಅದರಲ್ಲಿರುವ ವಿಷಾಂಶವು ಇಳಿಯುತ್ತದೆ. ಕೆಸುವಿನ ತುರಿಕೆಗೆ ಹುಣಿಸೆಹುಳಿ ಬೇಕು. ಹಸಿದವರು ಇದನ್ನೆಲ್ಲ ನಾಲಗೆ ಸುಟ್ಟುಕೊಂಡು ಕಲಿತಿರಬೇಕು. ನಮ್ಮ ಮಟ್ಟಿಗೆ ಈ ಜ್ಞಾನವು ಗ್ರಂಥಗಳಲ್ಲಿರುವುದಕ್ಕಿಂತ ಕಡಮೆಯದಲ್ಲ. ಅದಕ್ಕೆ ಗ್ರಂಥದ ಮೊಹರನ್ನು ಒತ್ತುವುದರಿಂದ ಕಲಿತವರ ಹೆಸರೇ ಅಳಿಸಿಹೋಗುತ್ತದೆ.

ಆಟಿಯ ಅಮಾವಾಸ್ಯೆಯ ಕಷಾಯವನ್ನು ಹೇಳದೆ ಬಿಡಲಾಗದು. ಆ ದಿನ ಬೆಳಕು ಹರಿಯುವ ಮುನ್ನ ಪಾಲೆಯ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು, ಮೆಣಸು ಬೆಳ್ಳುಳ್ಳಿ ಓಮಗಳನ್ನು ಸೇರಿಸಿ, ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ; ಅದರ ಉಷ್ಣಕ್ಕೆ ಮೇಲಿಂದ ಮೆಂತೆಯ ಗಂಜಿ. ಕನ್ನಡದಲ್ಲಿ ಹಾಲೆ ಅಥವಾ ಮದ್ದಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ. ಜ್ವರಕ್ಕೂ ಅತಿಸಾರಕ್ಕೂ ಇದನ್ನು ಬಳಸಿದುದು ಹಳೆಯ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಯನ್ನರು ಕ್ವಿನೈನಿಗೆ ಬದಲಾಗಿ ಇದನ್ನು ಪ್ರಯೋಗಿಸಿ ಬಹಳ ಆಸೆಯಿಟ್ಟುಕೊಂಡಿದ್ದರು. ಮಲೇರಿಯದ ಮೇಲೆ ಇದು ಕ್ವಿನೈನಿನಂತೆ ಕೆಲಸ ಮಾಡದೆಂದು ಮುಂದೆ ತಿಳಿಯಿತು.

ಕತ್ತಲಲ್ಲಿ ತರಬೇಕೆಂಬ ನಿಯಮವೇ ಈ ಪದ್ಧತಿಯ ಅಪಾಯ. ಪಾಲೆಯ ಎಲೆಗಳು ಗೊಂಚಲಾಗಿ, ಸಾಮಾನ್ಯವಾಗಿ ಏಳರಂತೆ ಸುತ್ತುಗಟ್ಟಿರುತ್ತವೆ. ತೊಗಟೆಯನ್ನು ಕೆತ್ತಿದರೆ ಹಾಲು ಸುರಿಯುತ್ತದೆ. ಅದೇ ಗುಡ್ಡದಲ್ಲಿ ಬೆಳೆಯುವ ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಹಾಲಿಲ್ಲ. ತುಳುವಿನಲ್ಲಿ ಕಾಯೆರ್ ಎನ್ನುವ ಈ ಮರದ ತೊಗಟೆಯಲ್ಲಿಯೂ ಬೀಜದಲ್ಲಿಯೂ ಇರುವುದು ಸ್ಟ್ರಿಕ್ನೀನ್ ಎಂಬ ಘೋರ ವಿಷ. ಒಂದನ್ನು ಇನ್ನೊಂದೆಂದು ಭ್ರಮಿಸಿ ಕುಡಿದು ಪ್ರಾಣಕ್ಕೆ ಸಂಚಕಾರ ತಂದುಕೊಂಡವರು ಉಂಟು. ಹಿಂದಿನ ದಿನ ಹಗಲಿನಲ್ಲಿಯೇ ಮರವನ್ನು ಬಲ್ಲವರಿಂದ ಗುರುತು ಮಾಡಿಸಿ, ಬುಡಕ್ಕೆ ದಾರ ಕಟ್ಟಿ ಬರುವ ಮನೆಗಳ ಪದ್ಧತಿ ಸರಿಯಾದುದು.

ಈ ಎರಡು ಮರಗಳೂ ಒಂದೇ ಪುಸ್ತಕದಲ್ಲಿ ನೆರೆಹೊರೆಯಾಗಿರುವುದು ವಿಶೇಷ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ಮಲೆಯಾಳ ದೇಶದ ಗಿಡಮರಗಳನ್ನು ಕುರಿತು ಮಾಡಿಸಿದ ಹೋರ್ತುಸ್ ಮಲಬಾರಿಕುಸ್ ಎಂಬ ಹನ್ನೆರಡು ಸಂಪುಟಗಳ ಮಹಾಗ್ರಂಥದಲ್ಲಿ ಮೊದಲನೆಯದು 1678ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುದನ್ ಎಂಬ ಮಲೆಯಾಳಿ ವೈದ್ಯನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಅದಕ್ಕಾಗಿ ದುಡಿದರು. ಮಂಗಳೂರಿನ ಕೊಂಕಣಿಗರ ಬಂಧುವರ್ಗದವರು ಇವರು. 1675ರಲ್ಲಿ ತಮ್ಮ ಭಾಷೆಯಲ್ಲಿ, ನಾಗರೀ ಲಿಪಿಯಲ್ಲಿ ಅವರು ಬರೆದುಕೊಟ್ಟ ಪ್ರಮಾಣಪತ್ರವೂ ಆ ಸಂಪುಟದಲ್ಲಿದೆ. ಅದರಲ್ಲಿ ‘ಪಾಲ’ದ ಚಿತ್ರವು ಒಂದು ಪುಟದಲ್ಲಿ, ಕೆಲವೇ ಹಾಳೆಗಳ ಹಿಂದೆ ‘ಕಾಞಿರಂ’, ಎಂದರೆ ನಮ್ಮ ಕಾಸರಕ. ಎರಡರ ಎಲೆಗಳನ್ನೂ ಚಿತ್ರಕಾರನು ಹಗಲು ಬೆಳಕಿನಲ್ಲಿ ನೋಡಿ, ಯಾರೂ ತಪ್ಪಲಾರದಂತೆ ಬಿಡಿಸಿದ್ದಾನೆ.